ಮೀನು ಓಡಿದ್ದು ಫ್ಲೈ ನೋಡಿ ಅಲ್ಲ

ಪ್ರಶ್ನೆ: ಏಳೆಂಟು ಅಡಿ ಅಗಲದ ಸಣ್ಣ ತೊರೆಯಲ್ಲಿ ಬ್ರೌನ್ ಟ್ರೌಟ್‌ಗೆ ಫ್ಲೈ (ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ನಕಲಿ ಹುಳ) ಗಾಳ ಹಾಕುತ್ತಿದ್ದೇನೆ. ದಡಕ್ಕೆ ಹೋಗುವಷ್ಟರಲ್ಲೇ ಮೀನು ಮಾಯ. ಅಪ್ಪಿತಪ್ಪಿ ಉಳಿದದ್ದೂ ಫ್ಲೈಯನ್ನು ಮೂಸಿ ನೋಡುವುದಿಲ್ಲ. ಹತ್ತಾರು ಫ್ಲೈ ಬದಲಿಸಿದ್ದಾಯಿತು. ಯಾವುದು ಕಟ್ಟಲಿ?

ಉತ್ತರ: ಫ್ಲೈ ಡಬ್ಬಿ ಸ್ವಲ್ಪ ಮುಚ್ಚಿಡಿ. ದಡಕ್ಕೆ ಹೋಗುವಷ್ಟರಲ್ಲೇ ಮಾಯ ಅಂತ ನೀವೇ ಬರೆದಿದ್ದೀರಲ್ಲ, ಅಂದ ಮೇಲೆ ಅದು ನೋಡಿದ್ದು ಫ್ಲೈಯನ್ನಲ್ಲ, ನಿಮ್ಮನ್ನು! ಇಲ್ಲವೇ ನಿಮ್ಮ ಹೆಜ್ಜೆ ಅದಕ್ಕೆ ಗೊತ್ತಾಗಿದೆ. ಮೀನಿನ ಎರಡೂ ಪಕ್ಕೆಯಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ, ನೀರು ಚೂರು ಅದುರಿದರೂ ಅದರಿಂದ ತಿಳಿಯುತ್ತದೆ.

ಟ್ರೌಟ್ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ, ಹುಳ ತೇಲಿ ಬರುವುದು ಆ ಕಡೆಯಿಂದಲೇ ಅಲ್ವಾ. ಹಾಗಾಗಿ ನೀವು ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಹೋಗಬೇಕು. ಬಗ್ಗಿ ಹೋಗಿ, ಕೊನೆಗೆ ಮಂಡಿಯೂರಿ. (ನನ್ನ ಪ್ಯಾಂಟುಗಳೆಲ್ಲ ಮೊದಲು ಹರಿಯುವುದು ಮಂಡಿಯಲ್ಲೇ.) ಮಡುವಿನ ಬಾಲದಲ್ಲಿ, ಅಂದರೆ ನೀರು ತೆಳುವಾಗಿ ಹೊರಗೆ ಜಾರುವ ಕಡೆ, ಬೆರಳುದ್ದದ ಒಂದು ಮರಿ ನಿಂತಿರುತ್ತದೆ. ಅದನ್ನು ನೋಡದೆ ಕಾಲಿಟ್ಟಿರೋ, ಬಾಣದ ಹಾಗೆ ಮೇಲಕ್ಕೆ ಓಡಿ ಇಡೀ ಮಡುವಿಗೇ ಸುದ್ದಿ ಮುಟ್ಟಿಸುತ್ತದೆ. ದಡದ ಕೆಳಗೆ ಕೊರೆದ ಪೊಟರೆಯಲ್ಲಿರುವ ದೊಡ್ಡದು ಆಮೇಲೆ ಹೊರಗೆ ಬರುವುದು ಬಹಳ ಹೊತ್ತಿನ ಮೇಲೆ.

ಇನ್ನು ಮೂಸದ ಮೀನು. ನಿಮ್ಮ ಫ್ಲೈ ಹಿಂದೆ ನೀರಿನಲ್ಲಿ ಸಣ್ಣ ಗೆರೆ ಏಳುತ್ತದಾ, ಗಮನಿಸಿ. ನಡುವಿನ ನೀರು ಜೋರು, ಅಂಚಿನದು ನಿಧಾನ. ದಾರ ಜೋರು ನೀರಿಗೆ ಬಿದ್ದರೆ ಫ್ಲೈಯನ್ನು ದರದರ ಎಳೆಯುತ್ತದೆ. ಬದುಕಿರುವ ಯಾವ ಹುಳವೂ ಹಾಗೆ ತೇಲಿ ಬರುವುದಿಲ್ಲ ಅಂತ ಬ್ರೌನ್‌ಗೆ ಚೆನ್ನಾಗಿ ಗೊತ್ತು. ರಾಡ್ ಎತ್ತಿ ಹಿಡಿದು ದಾರವನ್ನು ನೀರಿಗೆ ತಾಗಿಸಬೇಡಿ, ಅದರ ಕೊನೆಗೆ ಕಟ್ಟಿದ ತೆಳು ಎಳೆಯ, ಅಂದರೆ ಲೀಡರ್‌ನ ತುದಿ ಮಾತ್ರ ತೇಲಲಿ. ಇಂಥ ಕಡೆ ಏಳಡಿಯ, 3 ನಂಬರಿನ (ಹಗುರ ದಾರಕ್ಕೆ ಹೊಂದುವ) ರಾಡ್ ಸಾಕು. ಹಿಂದೆ ಮರ ಇದ್ದರೆ ಬೀಸುವ ಗೋಜೇ ಬೇಡ: ಫ್ಲೈಯನ್ನು ಕೊಕ್ಕೆಯ ಬಾಗಿನಲ್ಲಿ ಹಿಡಿದು ಎಳೆಯಿರಿ, ರಾಡ್ ಬಿಲ್ಲಿನ ಹಾಗೆ ಬಾಗಿದ ಮೇಲೆ ಬಿಡಿ.

ಆದರೂ ಹೆಸರು ಹೇಳಲೇಬೇಕು ಅಂದರೆ, ಆಡಮ್ಸ್, ಸಣ್ಣ ಕೊಕ್ಕೆ, 14 ಅಥವಾ 16ರ ಅಳತೆ. 1922ರಲ್ಲಿ ಮೊದಲು ಕಟ್ಟಿದ ಈ ಬೂದು ಫ್ಲೈ ಇಂಥದ್ದೇ ಹುಳ ಅಂತ ಅನ್ನಿಸುವುದಿಲ್ಲ, ಅದಕ್ಕೇ ಎಲ್ಲ ಹುಳದ ಹಾಗೂ ಕಾಣುತ್ತದೆ.

ಒಂದು ಥರ್ಮಾಮೀಟರ್ ಜೇಬಿನಲ್ಲಿರಲಿ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಅವತ್ತು ಗಾಳ ಬೇಡ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ಸುಸ್ತಾದ ಮೀನು ನೀವು ವಾಪಸ್ ಬಿಟ್ಟರೂ ಬದುಕುವುದು ಕಷ್ಟ.