ಎರಡನೇ ಪ್ರೂಫಿಗೆ ಅವಸರ ಬೇಡ

ಓದುಗರ ಪತ್ರ: "ಏಳು ತಿಂಗಳ ಹಿಂದೆ ಮೂಗಿನ ಆಪರೇಷನ್ ಮಾಡಿಸಿಕೊಂಡೆ. ನೋಡಲು ಬಂದ ಎರಡು ಸಂಬಂಧದವರು ಮೂಗಿನ ಡುಬ್ಬದ ಬಗ್ಗೆ ಮಾತಾಡಿದ್ದರು. ಡುಬ್ಬ ಹೋಯಿತು. ಆದರೆ ತುದಿ ಇನ್ನೂ ದಪ್ಪಗಿದೆ, ಒಂದು ಕಡೆ ವಾಲಿದ ಹಾಗೆ ಕಾಣುತ್ತದೆ. ರಾತ್ರಿ ಎಡಗಡೆ ಹೊಳ್ಳೆ ಕಟ್ಟುತ್ತದೆ. ನಮ್ಮ ಡಾಕ್ಟರು ಒಂದು ವರ್ಷ ಕಾಯಿರಿ ಎನ್ನುತ್ತಾರೆ. ಇನ್ನೊಬ್ಬರು ಫೋಟೋ ನೋಡಿಯೇ 'ಮುಂದಿನ ತಿಂಗಳು ಸರಿ ಮಾಡೋಣ, ಪಕ್ಕೆಲುಬಿನಿಂದ ಮೃದ್ವಸ್ಥಿ ತೆಗೆಯಬೇಕು' ಎಂದರು. ಕೇಳಿ ಕೈಕಾಲು ತಣ್ಣಗಾಯಿತು. ಅಮ್ಮ ಮಾತ್ರ 'ನೆಗಡಿ ಬಂತೂಂತ ಮೂಗು ಕೊಯ್ಕೊಂಡ್ಯಲ್ಲೇ' ಎಂದು ದಿನಾ ಚುಚ್ಚುತ್ತಾಳೆ. ಮತ್ತೆ ಮಾಡಿಸಲೋ, ಬಿಡಲೋ?"
— ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು, ಹೆಸರು ಬೇಡ ಎಂದಿದ್ದಾರೆ

ಸಂಪಾದಕರ ಉತ್ತರ:

ತಂಗಿ, ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಮೇಲೆ ಹಾಕಿರುವುದು ಅದರ ಸಾರ. ಈ ಕಾಲದಲ್ಲೂ ಕೈಯಲ್ಲೇ ಬರೆದು ಕಳಿಸಿದ್ದೀರಿ, ಅಕ್ಷರ ದುಂಡಗಿದೆ, ಒಂದು ಕಾಗುಣಿತ ತಪ್ಪಿಲ್ಲ. ಅದಕ್ಕೇ ಈ ಸಲ ಬೇರೆ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟೆ.

ನಾನು ಡಾಕ್ಟರಲ್ಲ. ಮೂವತ್ತು ವರ್ಷದಿಂದ ಬೇರೆಯವರ ಬರಹ ತಿದ್ದಿಕೊಂಡು ಬಂದವನು. ಆದ್ದರಿಂದ ತಿದ್ದುವ ವಿಷಯ ಬಂದರೆ ನನಗೆ ಸ್ವಲ್ಪ ಜಾಸ್ತಿ ಮಾತು.

ನಮ್ಮ ಸೋದರಮಾವ ತಿಪಟೂರಿನಲ್ಲಿ ಸ್ಟುಡಿಯೋ ಇಟ್ಟಿದ್ದರು. ಹೆಣ್ಣುಮಕ್ಕಳ ಫೋಟೋ ತೆಗೆದು ಗಂಡಿನ ಕಡೆಗೆ ಕಳಿಸುವ ಕಾಲ. ರಜೆಯಲ್ಲಿ ಹೋದರೆ ನನಗೆ ಅವರ ರೀಟಚಿಂಗ್ ಮೇಜಿನ ಪಕ್ಕದಲ್ಲೇ ಜಾಗ. ಓರೆ ಇಟ್ಟ ಗಾಜು, ಹಿಂದಿನಿಂದ ಬೆಳಕು, ಗಾಜಿನ ಮೇಲೆ ನೆಗೆಟಿವ್. ಪೆನ್ಸಿಲ್ಲನ್ನು ಉಪ್ಪುಕಾಗದದ ಮೇಲೆ ಉಜ್ಜಿ ಉಜ್ಜಿ ಸೂಜಿಯ ಹಾಗೆ ಮಾಡಿಕೊಂಡಿರುತ್ತಿದ್ದರು. ಮೊಡವೆ, ಕಪ್ಪು ಕಲೆ ಎಲ್ಲ ಪೆನ್ಸಿಲ್ಲಿನಲ್ಲೇ ಮಾಯ. ಆದರೆ ಮೂಗು ಸಪೂರ ಮಾಡಿಕೊಡಿ ಅಂತ ಯಾರಾದರೂ ಕೇಳಿದರೆ ಮಾವನ ಮುಖ ಸಣ್ಣಗಾಗುತ್ತಿತ್ತು. ಯಾಕೆಂದರೆ ಅದಕ್ಕೆ ಬ್ಲೇಡು ಬೇಕು. ನೆಗೆಟಿವ್‌ನ ಮೇಲೆ ಮೂಗಿನ ಅಂಚನ್ನು ನವಿರಾಗಿ ಕೆರೆದರೆ ಪ್ರಿಂಟಿನಲ್ಲಿ ಅಲ್ಲಿ ನೆರಳು ಬೀಳುತ್ತದೆ, ಮೂಗು ಚೂಪಾಗಿ ಕಾಣುತ್ತದೆ. "ಪೆನ್ಸಿಲ್ ಗೀರು ಒರೆಸಬಹುದು ಕಣೋ, ಕೆರೆದದ್ದು ವಾಪಸ್ ಬರಲ್ಲ" ಅನ್ನುತ್ತಿದ್ದರು. ಒಂದು ಸಲ ಕೆರೆದ ನೆಗೆಟಿವನ್ನು ಎರಡನೇ ಸಲ ಅವರು ಮುಟ್ಟಿದ್ದು ನಾನು ನೋಡಿಲ್ಲ.

ನಿಮ್ಮ ಮೂಗಿನ ಕಥೆಯೂ ಹೆಚ್ಚುಕಮ್ಮಿ ಇದೇ. ಮೊದಲ ಆಪರೇಷನ್ನಿನಲ್ಲಿ ಮೂಳೆ, ಮೃದ್ವಸ್ಥಿ ತೆಗೆದಿರುತ್ತಾರೆ. ಕಿವಿ ಮಡಚಿದರೆ ಬಾಗುತ್ತದಲ್ಲ, ಒಳಗಿನ ಆ ಮೆತ್ತನೆಯದೇ ಮೃದ್ವಸ್ಥಿ. ಎರಡನೇ ಸಲ ಕೈ ಹಾಕುವ ಡಾಕ್ಟರಿಗೆ ಬೇಕಾಗುವುದು ಸಾಮಾನ್ಯವಾಗಿ ತೆಗೆಯುವುದಲ್ಲ, ಕಟ್ಟುವುದು. ಕಟ್ಟಲು ಸಾಮಾನು ಬೇಕು. ಮೂಗಿನ ನಡುಗೋಡೆಯಲ್ಲಿ ಉಳಿದಿದ್ದರೆ ಅಲ್ಲಿಂದ. ಅಲ್ಲಿ ಮುಗಿದಿದ್ದರೆ ಕಿವಿಯಿಂದ. ಕಿವಿಯದು ಸ್ವಲ್ಪ, ಬಾಗಿದ್ದು, ಮೆತ್ತಗಿನದು. ಗಟ್ಟಿ ಆಸರೆ ಜಾಸ್ತಿ ಬೇಕಾದಾಗ ಪಕ್ಕೆಲುಬು. ಹಾಗಾಗಿ ಆ ಎರಡನೇ ಡಾಕ್ಟರು ಹೇಳಿದ್ದು ಸುಳ್ಳಲ್ಲ, ಜಗತ್ತಿನಲ್ಲೆಲ್ಲ ಮಾಡುತ್ತಾರೆ. ಎದೆಯ ಮೇಲೆ ಸಣ್ಣ ಗಾಯದ ಗುರುತು, ಕೆಲವು ದಿನ ಕೆಮ್ಮಿದರೆ ನೋವು. ಇಟ್ಟ ತುಂಡು ತಿಂಗಳುಗಳ ಮೇಲೆ ಸೊಟ್ಟಗಾಗುವ ಸಾಧ್ಯತೆಯೂ ಇದೆ. ಅಪರೂಪಕ್ಕೆ ಶ್ವಾಸಕೋಶದ ಪೊರೆಗೆ ಗಾಯವಾಗುತ್ತದೆ. ಪಕ್ಕೆಲುಬು ಅಂದದ್ದು ನನ್ನ ತಕರಾರಲ್ಲ. ಫೋಟೋ ನೋಡಿ, ಮೂಗನ್ನು ಕೈಯಲ್ಲಿ ಮುಟ್ಟದೆ, ಏಳನೇ ತಿಂಗಳಲ್ಲಿ ಅಂದರಲ್ಲ, ಅದು ತಕರಾರು.

ನಿಮ್ಮಮ್ಮನಿಗೆ ಒಂದು ವಿಷಯ ಓದಿ ಹೇಳಿ. ಸುಶ್ರುತ ಸಂಹಿತೆಯಲ್ಲಿ ಮೂಗು ಕಟ್ಟುವ ವಿಧಾನ ಇರುವುದು ಎಲ್ಲರಿಗೂ ಗೊತ್ತು. ಮೂಗಿನ ಅಳತೆಗೆ ಎಲೆ ಕತ್ತರಿಸಿ, ಆ ಅಳತೆಗೆ ಕೆನ್ನೆಯ ಚರ್ಮ ಎಬ್ಬಿಸಿ ಮೂಗಿಗೆ ಹೊಲಿಯುವುದು. ಭಾಷಣಗಳಲ್ಲಿ ಇಷ್ಟಕ್ಕೇ ನಿಲ್ಲಿಸಿ ಚಪ್ಪಾಳೆ ತಗೊಳ್ಳುತ್ತಾರೆ. ಮುಂದಿನ ಸಾಲುಗಳನ್ನು ಯಾರೂ ಓದುವುದಿಲ್ಲ. ಗಾಯ 'ರೂಢ' ಆದ ಮೇಲೆ, ಅಂದರೆ ಪೂರ್ತಿ ಮಾಯ್ದು ಕೂಡಿಕೊಂಡ ಮೇಲೆ, ಮೂಗು ಚಿಕ್ಕದಾಗಿದ್ದರೆ ಮತ್ತೆ ಬೆಳೆಸಲು ಪ್ರಯತ್ನ ಪಡು, ಮಾಂಸ ಜಾಸ್ತಿ ಬೆಳೆದಿದ್ದರೆ ಸಮ ಮಾಡು ಎನ್ನುತ್ತದೆ ಗ್ರಂಥ. ತಿದ್ದುವ ಆಪರೇಷನ್ ಅಂದರೆ ಇದೇ ತಾನೇ? ನಮ್ಮ 'ರೂಢಿ'ಯೂ ಅದೇ ಬೇರಿನ ಮಾತು. ಎರಡನೇ ಸಲ ಹೋಗುವುದು ನಾಚಿಕೆಯ ವಿಷಯ ಅಲ್ಲ. ಈಗಲೂ ಮೂಗಿನ ಆಪರೇಷನ್ ಮಾಡಿಸಿಕೊಂಡ 100 ಜನರಲ್ಲಿ 5ರಿಂದ 15 ಜನಕ್ಕೆ ತಿದ್ದುವುದು ಬೇಕಾಗುತ್ತದೆ ಎಂಬುದು ವೈದ್ಯರೇ ಸಾಮಾನ್ಯವಾಗಿ ಕೊಡುವ ಲೆಕ್ಕ. ಆದರೆ 'ರೂಢ' ಆಗಬೇಕು.

ಅದಕ್ಕೆ ಕನಿಷ್ಠ 12 ತಿಂಗಳು ಬೇಕು. ಬಾವು ಕೊನೆಗೆ ಇಳಿಯುವುದು ತುದಿಯಲ್ಲಿ. ನಮ್ಮ ಕಡೆ ಮೂಗಿನ ತುದಿಯ ಚರ್ಮ ದಪ್ಪ ಇರುವವರು ಬಹಳ, ಅವರಿಗೆ ಒಂದೂವರೆ ವರ್ಷವೂ ಆಗಬಹುದು, ಎರಡೂ ಆಗಬಹುದು. ಒಳಗೆ ಗಾಯದ ಅಂಗಾಂಶ ಗಟ್ಟಿಯಾಗಿ ಅಂಟಿಕೊಂಡಿರುವಾಗ ಕೊಯ್ದರೆ ಯಾವ ಪದರ ಯಾವುದು ಅಂತ ಬಿಡಿಸುವುದೇ ಕಷ್ಟ. ಏಳನೇ ತಿಂಗಳಲ್ಲಿ ನೀವು ಕನ್ನಡಿಯಲ್ಲಿ ನೋಡುತ್ತಿರುವುದು ನಿಮ್ಮ ಮೂಗಲ್ಲ, ಮೂಗು ಮತ್ತು ಬಾವು. ಸೋಂಕಾಗಿದ್ದರೆ, ಒಳಗಿಟ್ಟ ಸಿಲಿಕೋನ್ ಚರ್ಮ ಕೊರೆದು ಹೊರಗೆ ಬರುತ್ತಿದ್ದರೆ ಕಾಯುವ ಮಾತಿಲ್ಲ, ಅದು ಬೇರೆ. ನಿಮ್ಮದು ಹಾಗಿಲ್ಲ.

ಈಗ ಸ್ವಲ್ಪ ಬೈಗುಳ. ಪತ್ರದ ಜೊತೆ 11 ಫೋಟೋ ಇಟ್ಟಿದ್ದೀರಿ. ಹನ್ನೊಂದರಲ್ಲೂ ಒಂದು ಮೂಲೆಯಲ್ಲಿ ನಿಮ್ಮದೇ ತೋಳು. 2018ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ: ಮುಖದಿಂದ 12 ಇಂಚು ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆ. ಐದಡಿ ದೂರದಿಂದ ತೆಗೆದರೆ ಈ ತಾಪತ್ರಯ ಇಲ್ಲ. ನೀವು ಅಳುತ್ತಿರುವ ದಪ್ಪದಲ್ಲಿ ಒಂದು ಪಾಲು ಫೋನಿನದು.

ಇನ್ನೊಂದು ಬೈಗುಳ. ತುದಿಯ ಬಗ್ಗೆ ಎರಡೂವರೆ ಪುಟ ಬರೆದಿದ್ದೀರಿ. ಹೊಳ್ಳೆ ಕಟ್ಟುವುದರ ಬಗ್ಗೆ ಒಂದೇ ಸಾಲು, ಅದೂ 'ಅಂದಹಾಗೆ' ಅಂತ. ನನಗೆ ನಿದ್ದೆ ಕೆಡಿಸಿದ್ದು ಆ ಒಂದು ಸಾಲು. ಸುಶ್ರುತನ ಕಡೆಯವರು ಹೊಸ ಮೂಗಿನಲ್ಲಿ ಹರಳು ಗಿಡದ ಟೊಳ್ಳು ದಂಟಿನ ಎರಡು ಕೊಳವೆ ಇಡುತ್ತಿದ್ದರು, ಉಸಿರಾಟಕ್ಕೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ನಮ್ಮ ದೇಶದ ಸುದ್ದಿ ಹೇಳುವ ಒಂದು ಪತ್ರ ಅಚ್ಚಾಯಿತು. ಹೌದು, ಸಂಪಾದಕರಿಗೇ ಪತ್ರ. ಟಿಪ್ಪುವಿನ ಮೇಲಿನ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್ಜಿ ಸೆರೆ ಸಿಕ್ಕ. ಮೂಗು ಮತ್ತು ಒಂದು ಕೈ ಕತ್ತರಿಸಿದರು. ಸುಮಾರು ಒಂದು ವರ್ಷ ಹಾಗೇ ಇದ್ದು, ಆಮೇಲೆ ಪುಣೆಯ ಕಡೆಯ ಇಟ್ಟಿಗೆ ಮಾಡುವ ಜಾತಿಯ ಒಬ್ಬನಿಂದ ಹೊಸ ಮೂಗು ಮಾಡಿಸಿಕೊಂಡ. ಮೇಣದಲ್ಲಿ ಮೂಗಿನ ಅಳತೆ ತೆಗೆದು, ಹಣೆಯ ಮೇಲೆ ಹರಡಿ, ಆ ಆಕಾರಕ್ಕೆ ಚರ್ಮ ಕೊಯ್ದು ಕೆಳಗೆ ತಿರುಗಿಸಿದ್ದು. ಹತ್ತನೇ ದಿನ ಹೊಳ್ಳೆಗಳಿಗೆ ಮೆತ್ತನೆ ಬಟ್ಟೆ ತುರುಕಿದರು, ದಾರಿ ಮುಚ್ಚದಿರಲಿ ಅಂತ. ಇಪ್ಪತ್ತೈದನೇ ದಿನದ ಹೊತ್ತಿಗೆ ಹಣೆಯ ಕೊಂಡಿ ಕತ್ತರಿಸಿ, ಚೆಂದ ಕಾಣಲು ಇನ್ನಷ್ಟು ಕೊಯ್ತ. ಮೊದಲು ಉಸಿರಿನ ದಾರಿ, ಆಮೇಲೆ ಅಂದ. ಆ ಇಟ್ಟಿಗೆಯವನ ಹೆಸರನ್ನು ಪತ್ರ ಬರೆದವನು ಬರೆಯಲೇ ಇಲ್ಲ, ಅದು ನನಗೆ ಇವತ್ತಿಗೂ ಹೊಟ್ಟೆಯುರಿ.

ಡುಬ್ಬ ತೆಗೆದ ಮೇಲೆ ಮೂಗಿನ ಮಧ್ಯಭಾಗದ ಪಕ್ಕದ ಗೋಡೆಗಳು ಸೋತು, ಉಸಿರೆಳೆದಾಗ ಒಳಗೆ ಕುಸಿಯುವುದುಂಟು. ಬೆರಳಿನಿಂದ ಕೆನ್ನೆಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆದು ಉಸಿರಾಡಿ ನೋಡಿ. ಸಲೀಸಾದರೆ ಅದನ್ನು ಡಾಕ್ಟರಿಗೆ ಹೇಳಿ. ಬರೀ ಬಾವೂ ಇರಬಹುದು, ಅಲರ್ಜಿಯೂ ಇರಬಹುದು, ನಡುಗೋಡೆ ಸೊಟ್ಟ ಇರಬಹುದು. ತೋರಿಸಲು ವರ್ಷ ಕಾಯಬೇಕಿಲ್ಲ. ಈ ವಾರವೇ ಒಬ್ಬ ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಕಾಯಬೇಕಾದ್ದು ಕತ್ತಿಗೆ, ಪರೀಕ್ಷೆಗಲ್ಲ.

ಹೋಗುವಾಗ ಮೊದಲ ಆಪರೇಷನ್ನಿನ ಟಿಪ್ಪಣಿ ಕೈಯಲ್ಲಿರಲಿ. ಡಿಸ್ಚಾರ್ಜ್ ಕಾಗದ ಅಲ್ಲ, ಆಪರೇಷನ್ ನೋಟ್. ಏನು ತೆಗೆದರು, ನಡುಗೋಡೆಯಲ್ಲಿ ಎಷ್ಟು ಬಿಟ್ಟರು, ಒಳಗೆ ಏನಾದರೂ ಇಟ್ಟರಾ ಎಲ್ಲ ಅದರಲ್ಲಿರುತ್ತದೆ. ಅದಿಲ್ಲದೆ ಎರಡನೆಯವರು ಕತ್ತಲಲ್ಲಿ ತಡಕಾಡಿದ ಹಾಗೆ. ನನ್ನ ನಡುಗೋಡೆ ನೇರ ಮಾಡಿಸಿದಾಗ ಆ ಒಂದು ಕಾಗದಕ್ಕೆ ನಾಲ್ಕು ಸಲ ಓಡಾಡಿದೆ. ಕೌಂಟರಿನವನು ಪ್ರತಿ ಸಲ 'ಸಿಸ್ಟಮ್ ಡೌನ್ ಸಾರ್' ಎಂದ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ನಡತೆಯ ನಿಯಮಗಳೇ ಹೇಳುತ್ತವೆ. ಲಿಖಿತವಾಗಿ ಕೇಳಿ, ದಿನಾಂಕ ಹಾಕಿಸಿ.

ಅದೇ ನಿಯಮಗಳು ಡಾಕ್ಟರು ಜಾಹೀರಾತು ಕೊಟ್ಟು ರೋಗಿಗಳನ್ನು ಕರೆಯಬಾರದು ಎಂದೂ ಹೇಳುತ್ತವೆ. ಫೋನು ತೆರೆಯಿರಿ, ಗೊತ್ತಾಗುತ್ತದೆ. 'ಮೊದಲು' ಫೋಟೋದಲ್ಲಿ ಹುಡುಗಿ ಟ್ಯೂಬ್‌ಲೈಟಿನ ಕೆಳಗೆ ಅಳುಮೋರೆ, 'ಆಮೇಲೆ' ಫೋಟೋದಲ್ಲಿ ಲಿಪ್‌ಸ್ಟಿಕ್, ಕಿವಿಗೆ ಜುಮುಕಿ, ನಗು. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. 'ಕೊಯ್ಯದೆ ಐದೇ ನಿಮಿಷದಲ್ಲಿ' ಅಂತ ಮೂಗಿಗೆ ಫಿಲ್ಲರ್, ಅಂದರೆ ಚರ್ಮದಡಿ ತುಂಬಿಸುವ ಜೆಲ್, ಚುಚ್ಚುವವರು ಇನ್ನೊಂದು ಕಡೆ. ಒಮ್ಮೆ ಕೊಯ್ದ ಮೂಗಿನಲ್ಲಿ ರಕ್ತನಾಳಗಳ ದಾರಿ ಬದಲಾಗಿರುತ್ತದೆ. ಚುಚ್ಚಿದ್ದು ನಾಳ ಕಟ್ಟಿದರೆ ಚರ್ಮ ಸಾಯುತ್ತದೆ, ಕಣ್ಣು ಹೋದದ್ದೂ ಇದೆ. ಪಾರ್ಲರಿನ ಕುರ್ಚಿಯಲ್ಲಿ ಅಂತೂ ಕೂರಲೇಬೇಡಿ. ಇಂಥದ್ದೊಂದು ಜಾಹೀರಾತು ಹೋದ ವರ್ಷ ನಮ್ಮ ಹಿಂಬದಿ ರಕ್ಷಾಪುಟಕ್ಕೂ ಬಂದಿತ್ತು. ಬೇಡ ಎಂದೆ. ನಮ್ಮ ಲೆಕ್ಕಪತ್ರದವರು ಒಂದು ವಾರ ನನ್ನ ಜೊತೆ ಕಾಫಿ ಕುಡಿಯಲಿಲ್ಲ.

ವರ್ಷ ಕಳೆದ ಮೇಲೂ ತುದಿ ನಿಜಕ್ಕೂ ಸೊಟ್ಟ ಇದ್ದರೆ, ಮನಸ್ಸಿಗೆ ಚುಚ್ಚುತ್ತಿದ್ದರೆ, ಮಾಡಿಸಿಕೊಳ್ಳಿ. ಅಂದ ಬೇಕು ಅನ್ನುವುದು ತಪ್ಪಲ್ಲ, ಒಪ್ಪಿದೆ. ಆದರೆ ಆ ಎರಡು ಸಂಬಂಧದವರ ಮಾತು ನೆನೆದರೆ ನನಗೆ ಮೈ ಉರಿಯುತ್ತದೆ. ಉಪ್ಪಿಟ್ಟು ತಿಂದು, ಕೈ ತೊಳೆದು, ಹೊಸ್ತಿಲು ದಾಟುವಾಗ 'ಮೂಗೊಂದು ಸ್ವಲ್ಪ...' ಅಂತ ಎಳೆದು ಹೋಗುತ್ತಾರೆ. ಹುಡುಗನ ಮೂಗು ಬದನೆಕಾಯಿಯ ಹಾಗಿದ್ದರೂ ಯಾರೂ ಮೂಗು ಮುರಿಯುವುದಿಲ್ಲ. ಆಪರೇಷನ್ನಿನ ಬಿಲ್ಲು ಅವರೇನು ಕಟ್ಟಿದರಾ? ಇನ್ಶೂರೆನ್ಸ್‌ನವರಂತೂ ಅಂದಕ್ಕೆ ಮಾಡಿಸಿದ್ದಕ್ಕೆ ಕೊಡುವುದಿಲ್ಲ. ಅಮ್ಮನಿಗೂ ಹೇಳಿ, ಗಾದೆಯನ್ನು ಒಂದು ವರ್ಷ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಲಿ. ಅವತ್ತು ಆ ಜನ ಮಾತಾಡುವಾಗ ಅಮ್ಮ ಸುಮ್ಮನಿದ್ದರು ಅಂತ ನೀವೇ ಮೂರನೇ ಪುಟದಲ್ಲಿ ಬರೆದಿದ್ದೀರಿ.

ಫೋಟೋಗಳನ್ನು ಅದೇ ಕವರಿನಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಇಎನ್‌ಟಿಯವರು ಏನಂದರು, ರಾತ್ರಿ ಬಾಯಿ ಮುಚ್ಚಿಕೊಂಡು ನಿದ್ದೆ ಬರುತ್ತಿದೆಯಾ ಅಂತ ಒಂದು ಕಾರ್ಡು ಹಾಕಿ.