ಕಡತದೊಳಗೇ ಉಳಿದ ನೋಟಿಸ್

ಪ್ರಶ್ನೆ: ಬ್ರಿಟನ್ನಿನಲ್ಲಿ ಗೃಹ ಸಚಿವರು ಸಹಿ ಹಾಕಿದರೆ ಸಾಕು, ಪೌರತ್ವ ಹೋಗುತ್ತದಂತೆ. ಕೋರ್ಟು ಬೇಡವಾ? ಇದನ್ನು ಕೇಳುವವರೇ ಇಲ್ಲವಾ?

ಉತ್ತರ: ಇದ್ದಾರೆ. ಆದರೆ ಎಲ್ಲ ಮುಗಿದ ಮೇಲೆ ಬರುತ್ತಾರೆ, ಅದೇ ತೊಂದರೆ.

1981ರ ರಾಷ್ಟ್ರೀಯತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಪೌರತ್ವ ತೆಗೆಯುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದು ಅಂತ ಸಚಿವರಿಗೆ ಅನಿಸಿದರೆ ಸಾಕು. ಅಪರಾಧ ಸಾಬೀತಾಗಿರಬೇಕು ಅಂತೇನಿಲ್ಲ. ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಬಾರದು ಅನ್ನುವ ತಡೆ ಇದೆ, ಹಾಗಾಗಿ ಇನ್ನೊಂದು ದೇಶದ ಪೌರತ್ವವೂ ಇರುವವರ ಮೇಲೇ ಇದರ ಕಣ್ಣು ಜಾಸ್ತಿ. ಆ ತಡೆಯನ್ನೂ 2014ರಲ್ಲಿ ಸ್ವಲ್ಪ ಸಡಿಲಿಸಿದರು. ಹೊರಗಿನಿಂದ ಬಂದು ಪೌರತ್ವ ಪಡೆದವರಿಗೆ ಬೇರೆ ದೇಶದ ಪೌರತ್ವ ಸಿಗಬಹುದು ಅಂತ ನಂಬಲು ಕಾರಣವಿದ್ದರೆ ಅವರದ್ದನ್ನೂ ತೆಗೆಯಬಹುದು.

ಪೌರತ್ವ ತೆಗೆಯುವ ಮುನ್ನ ಆ ವ್ಯಕ್ತಿಗೆ ಕೊಡಬೇಕಾದ ನೋಟಿಸ್ ಕಥೆ ಕೇಳಿ. 2018ರಲ್ಲಿ ಒಂದು ನಿಯಮ ತಂದರು: ಆಸಾಮಿ ಎಲ್ಲಿದ್ದಾರೋ ಗೊತ್ತಿಲ್ಲದಿದ್ದರೆ, ನೋಟಿಸನ್ನು ಇಲಾಖೆಯ ಕಡತದಲ್ಲೇ ಇಟ್ಟರೆ ಕೊಟ್ಟಂತೆ ಲೆಕ್ಕ! ಸಿರಿಯಾದ ಒಂದು ಶಿಬಿರದಲ್ಲಿದ್ದ ಮಹಿಳೆಯೊಬ್ಬರ ನೋಟಿಸ್ 2019ರ ಡಿಸೆಂಬರ್‌ನಲ್ಲಿ ಹೀಗೇ ಕಡತ ಸೇರಿತು. 2020ರ ಅಕ್ಟೋಬರ್‌ನಲ್ಲಿ, ಅವರನ್ನು ವಾಪಸ್ ಕರೆತರಲು ಸಹಾಯ ಮಾಡಿ ಅಂತ ವಕೀಲರು ಬರೆದಾಗ, ಅವರ ಪೌರತ್ವ ಆಗಲೇ ಹೋಗಿದೆ ಅನ್ನುವ ಉತ್ತರ ಬಂತು. 2021ರಲ್ಲಿ ಹೈಕೋರ್ಟ್, ಮರುವರ್ಷ ಅಪೀಲು ಕೋರ್ಟ್ ಕೂಡ, ಇದು ಕಾನೂನಿಗೆ ವಿರುದ್ಧ ಅಂದವು. ಸರ್ಕಾರ ಏನು ಮಾಡಿತು? 2022ರಲ್ಲಿ ಕಾನೂನನ್ನೇ ಬದಲಿಸಿ, ಕೆಲವು ಸಂದರ್ಭಗಳಲ್ಲಿ ನೋಟಿಸ್ ಇಲ್ಲದೆಯೂ ಪೌರತ್ವ ತೆಗೆಯಬಹುದು ಎಂದು ಮಾಡಿಕೊಂಡಿತು. ಸಂಸತ್ತಿನಲ್ಲಿ ಗಲಾಟೆಯಾಗಿ ಒಂದು ಕಾವಲು ಸೇರಿತು: ನೋಟಿಸ್ ಏಕೆ ಕೊಡಲಿಲ್ಲ ಅಂತ ವಿಶೇಷ ನ್ಯಾಯಮಂಡಳಿಗೆ ಹೇಳಬೇಕು. ಅದು ಸಚಿವರ ಕಾರಣದಲ್ಲಿ ಎದ್ದು ಕಾಣುವ ತಪ್ಪಿದೆಯಾ ಅಂತಷ್ಟೇ ನೋಡುತ್ತದೆ.

ಮೇಲ್ಮನವಿ ಹಾಕುವುದೂ ಸಾಮಾನ್ಯವಾಗಿ ಅಲ್ಲೇ. ಗುಪ್ತಚರ ಮಾಹಿತಿಯಿದ್ದರೆ ಮನವಿ ಹಾಕಿದವರಿಗಾಗಲಿ, ಅವರ ವಕೀಲರಿಗಾಗಲಿ ತೋರಿಸುವುದಿಲ್ಲ. ಬದಲಿಗೆ ಅವರ ಪರವಾಗಿ ವಿಶೇಷ ವಕೀಲರೊಬ್ಬರು ಅದನ್ನು ಓದುತ್ತಾರೆ. ಓದಿದ ಮೇಲೆ ಅನುಮತಿ ಇಲ್ಲದೆ ಆ ವ್ಯಕ್ತಿಯ ಜೊತೆ ಪ್ರಕರಣದ ಮಾತಾಡುವಂತಿಲ್ಲ. 'ಆ ದಿನ ನೀವು ಅಲ್ಲಿದ್ದಿರಾ?' ಅಂತ ಸುಮ್ನೆ ಒಂದು ಮಾತು ಕೇಳುವಂತೆಯೂ ಇಲ್ಲ. ಇದನ್ನು ಪೂರ್ತಿ ವಿಚಾರಣೆ ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಸ್ವತಂತ್ರ ಪರಿಶೀಲಕರೂ ಇದ್ದಾರೆ, ಮೊದಲ ವರದಿ 2016ರಲ್ಲಿ ಬಂತು. ಆದರೆ ಕಾನೂನು ಅವರಿಗೆ ಕೊಟ್ಟ ಕೆಲಸ ಆ 2014ರ ಅಧಿಕಾರವನ್ನು ನೋಡುವುದು ಮಾತ್ರ. ಆ ವರದಿ ನೋಡಿದ ಮೊದಲ ವರ್ಷದಲ್ಲಿ ಅದನ್ನು ಬಳಸಿಯೇ ಇರಲಿಲ್ಲ. ಜಾಸ್ತಿ ಬಳಕೆಯಾಗುವ ಹಳೆಯ ಅಧಿಕಾರ ಅವರ ಪಟ್ಟಿಯಲ್ಲೇ ಇಲ್ಲ, ವಿಚಿತ್ರ ಅಲ್ವಾ?

ಇನ್ನು ಲೆಕ್ಕದ ವಿಷಯ. ಸಾರ್ವಜನಿಕ ಹಿತದ ಹೆಸರಿನಲ್ಲಿ 2016ರಲ್ಲಿ 14 ಜನರ ಪೌರತ್ವ ಹೋಯಿತು, 2017ರಲ್ಲಿ 104 ಜನರದ್ದು. ಇದನ್ನು ಸರ್ಕಾರವೇ ಪ್ರಕಟಿಸಿದೆ, ಸರಿ. ಆದರೆ 104 ಅನ್ನುವ ಸಂಖ್ಯೆಯೊಂದನ್ನೇ ಹಿಡಿದುಕೊಂಡು ಕೂತರೆ, ಯಾರಿಗೆ ನೋಟಿಸ್ ತಲುಪಿತು, ಯಾರು ಮೇಲ್ಮನವಿ ಹಾಕಿದರು, ಎಷ್ಟು ಜನ ಗೆದ್ದರು ಅನ್ನುವುದು ಅದರಿಂದ ತಿಳಿಯುವುದಿಲ್ಲ.