ಪ್ರಾರ್ಥನೆಗೆ ಕೂತರೆ ಬಾಯಿ ಬರಲ್ಲ ಅಂದ ಟೀಚರ್

ನನ್ನ ಹತ್ತಿರ ಆಪ್ತಸಲಹೆಗೆ ಬಂದವರು ಅಂಗನವಾಡಿ ಕಾರ್ಯಕರ್ತೆ. ನಲವತ್ತು ದಾಟಿದ ವಯಸ್ಸು. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಓಣಿಯವರು ಕರೆಯುವಂತೆ ನಾನೂ ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ.

ಗಂಡನಿಗೆ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ಸುಮಾರು ನಾಲ್ಕು ಗಂಟೆ. ಸರ್ಕಾರಿ ಆಸ್ಪತ್ರೆಯಾದ್ದರಿಂದ ಅದಕ್ಕೆ ದುಡ್ಡಿಲ್ಲ. ಬಸ್ಸು, ಊಟ, ಹೊರಗಿನ ಮಾತ್ರೆ ಎಲ್ಲ ಕೈಯಿಂದಲೇ. ಜೊತೆಗೆ ಮೈಕ್ರೋ ಫೈನಾನ್ಸ್ ಸಾಲ. ವಸೂಲಿಯವರು ರಾತ್ರಿ ಬಂದು ಬಾಗಿಲಲ್ಲಿ ಕೂರುತ್ತಿದ್ದರು.

ಆದರೆ ಟೀಚರ್ ಅತ್ತಿದ್ದು ಬೇರೆ ವಿಷಯಕ್ಕೆ. "ಪ್ರಾರ್ಥನೆಗೆ ಕೂತ್ರೆ ಬಾಯೇ ಬರಲ್ಲ ಮೇಡಂ. ವಿಶ್ವಾಸ ಕಮ್ಮಿ ಆಗಿದೆ, ಅದಕ್ಕೇ ನಿಮ್ಮವರಿಗೆ ಗುಣ ಆಗ್ತಿಲ್ಲ ಅಂತ ಪ್ರಾರ್ಥನಾ ಕೂಟದಲ್ಲಿ ಒಬ್ಬರು ಅಂದ್ರು."

ಹೀಗೆ ಹೇಳುವವರು ಬೈಬಲಿನ ಯೋಬನ ಪುಸ್ತಕವನ್ನು ಕೊನೆತನಕ ಓದಿರುವುದಿಲ್ಲ ಅಂತ ನನ್ನ ಅನುಮಾನ. ಯೋಬನ ಕಷ್ಟಕ್ಕೆ ಕಾರಣ ಹೇಳಲು ಬಂದ ಗೆಳೆಯರ ಮೇಲೆಯೇ ಅಲ್ಲಿ ದೇವರಿಗೆ ಸಿಟ್ಟು ಬರುತ್ತದೆ.

ನಿದ್ದೆ ಎಷ್ಟು ಅಂತ ಕೇಳಿದೆ. ಎರಡು ಮೂರು ಗಂಟೆ. ಊಟ? ಉಳಿದದ್ದು. ಸಾಯಬೇಕು ಅನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಇದನ್ನು ಕೇಳಿದರೆ ಆ ಯೋಚನೆ ಜಾಸ್ತಿಯಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. "ಬೆಳಗ್ಗೆ ಏಳದೇ ಇದ್ರೆ ಸಾಕು ಅನ್ಸುತ್ತೆ" ಅಂದರು. ಏನಾದರೂ ಮಾಡಿಕೊಳ್ಳುವ ಯೋಚನೆ ಇರಲಿಲ್ಲ. ಆದರೂ ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಕೊಟ್ಟೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತದೆ.

"ಮನಸ್ಸಿಗೆ ಮಾತ್ರೆ ತಗೊಂಡ್ರೆ ದೇವರನ್ನ ನಂಬಿಲ್ಲ ಅಂತ ಆಗಲ್ವಾ?"

"ನಿಮ್ಮವರು ಡಯಾಲಿಸಿಸ್‌ಗೆ ಹೋಗೋದು ನಂಬಿಕೆ ಇಲ್ಲದೇನಾ?"

ಮೊದಲ ಸಲ ನಕ್ಕರು.

ಟೀಚರ್ ಬೈಬಲ್ ಬಲ್ಲವರು. ಹಾಗಾಗಿ 1 ಅರಸುಗಳು 19ನೇ ಅಧ್ಯಾಯ ತೆಗೆಸಿದೆ. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದಲ್ಲಿ ಗೆದ್ದು ಬಂದವನು. ಜೀವಬೆದರಿಕೆ ಬಂದಾಗ ಅಡವಿಗೆ ಓಡಿ, ಗಿಡದ ಕೆಳಗೆ ಕೂತು, ಸಾಕಪ್ಪಾ, ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವರು ಬೈಯುವುದಿಲ್ಲ. ಅವನು ಮಲಗುತ್ತಾನೆ. ದೂತ ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ಮತ್ತೆ ಮಲಗುತ್ತಾನೆ, ಮತ್ತೆ ಊಟ. ಮಾತುಕತೆ ಎಲ್ಲ ಆಮೇಲೆ. ನಾನೊಬ್ಬನೇ ಉಳಿದೆ ಅಂದವನಿಗೆ ಇನ್ನೂ 7,000 ಜನ ಇದ್ದಾರೆ ಅನ್ನುವ ಸುದ್ದಿಯೂ ಅಲ್ಲೇ ಸಿಗುತ್ತದೆ.

"ಹಾಗಾದ್ರೆ ನಾನು ಮೊದಲು ಮಲಗಬೇಕು" ಅಂದರು ಟೀಚರ್. ಅದನ್ನೇ ಮೊದಲ ಸಲಹೆ ಅಂತ ಬರೆದುಕೊಂಡೆ.

ಮಲಗಬೇಕಾದರೆ ಆಸ್ಪತ್ರೆಗೆ ಒಂದು ದಿನವಾದರೂ ಬೇರೆ ಯಾರಾದರೂ ಹೋಗಬೇಕಲ್ಲ. ಕೇಳಲು ಸಂಕೋಚ. ಇವರ ಮಟ್ಟಿಗೆ ಧೈರ್ಯ ಅಂದರೆ ಅದೇ, ಬಾಯಿಬಿಟ್ಟು ಕೇಳುವುದು. ಬೈಬಲಿನ ಮೋಶೆಗೂ ಭಾರವನ್ನೆಲ್ಲ ಒಬ್ಬನೇ ಹೊರಬೇಡ ಅಂತ ಮಾವನೇ ಹೇಳಬೇಕಾಯಿತು ಅಂತ ನೆನಪಿಸಿದೆ. ಅವರ ಒಪ್ಪಿಗೆ ಪಡೆದು ಅವರ ಚರ್ಚಿನ ಸಭಾಪಾಲಕರ ಹತ್ತಿರ ಮಾತಾಡಿದೆ. ಚರ್ಚಿನಲ್ಲಿ ಹಾಡುವ ಕ್ವಾಯರ್ ಹುಡುಗರು ಶನಿವಾರದ ಪಾಳಿ ವಹಿಸಿಕೊಂಡರು.

ಪ್ರಾರ್ಥನೆಗೆ ಮಾತು ಬರದಿದ್ದರೆ ಬೈಬಲಿನ 88ನೇ ಕೀರ್ತನೆಯನ್ನು ಸುಮ್ನೆ ಗಟ್ಟಿಯಾಗಿ ಓದಿ ಅಂದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಅದೂ ಪ್ರಾರ್ಥನೆಯೇ.

ಸಾಲದ ವಿಷಯಕ್ಕೆ ಕೀರ್ತನೆ ಸಾಲದು. ಮೈಕ್ರೋ ಫೈನಾನ್ಸ್ ವಸೂಲಿಯವರು ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಬರುವಂತಿಲ್ಲ ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರವೂ ಕಾನೂನು ತಂದಿದೆ. ಮಗನ ಕೈಲಿ ಅರ್ಜಿ ಬರೆಸಿ ಪೊಲೀಸ್ ಠಾಣೆಗೆ ಕೊಡಿಸಿದೆವು. ರಾತ್ರಿ ಬರುವುದು ನಿಂತಿತು. ಸಾಲ ಹಾಗೇ ಇದೆ, ಡಯಾಲಿಸಿಸ್ ಕೂಡ. ಟೀಚರ್ ಈಗ ಐದಾರು ಗಂಟೆ ನಿದ್ದೆ ಮಾಡುತ್ತಾರೆ, ಮಾತ್ರೆ ಬಿಟ್ಟಿಲ್ಲ. ಭಾನುವಾರ ಚರ್ಚಿಗೆ ಹೋಗುತ್ತಾರೆ. ಆ ಪ್ರಾರ್ಥನಾ ಕೂಟಕ್ಕೆ ಮಾತ್ರ ಇನ್ನೂ ಹೋಗಿಲ್ಲ, ಹೋಗಿ ಅಂತ ನಾನೂ ಹೇಳಿಲ್ಲ.